ಮೊದಲು ತಂಪು, ಆಮೇಲೆ ಆಸ್ಪತ್ರೆ

ಮಾನ್ಯ ಸಂಪಾದಕರೇ,

ಮಳೆಗಾಲ ಹಿಂದೆ ಸರಿದು ಕ್ರೀಡಾಕೂಟಗಳ ದಿನಗಳು ಬಂದಿವೆ. ಮಂಜೇಶ್ವರ, ಕುಂಬಳೆ, ಕಾಸರಗೋಡು ಉಪಜಿಲ್ಲೆಗಳ ಶಾಲಾ ಕೂಟಗಳು, ಅದರ ಮೇಲೆ ಜಿಲ್ಲಾ ಮಟ್ಟ, ಬೆನ್ನಿಗೇ ಊರೂರಿನ ಕ್ಲಬ್ಬುಗಳ ಕಬಡ್ಡಿ, ವಾಲಿಬಾಲ್, ಹಗ್ಗಜಗ್ಗಾಟ. ಈ ದಿನಗಳಲ್ಲಿ ‘ಬಿಸಿಲಿಗೆ ಕುಸಿದುಬಿದ್ದ ವಿದ್ಯಾರ್ಥಿ ಆಸ್ಪತ್ರೆಗೆ’ ಎಂಬ ಎರಡು ಸಾಲಿನ ಸುದ್ದಿ ಓದಿ ಪುಟ ತಿರುಗಿಸುವುದು ನಮಗೆಲ್ಲ ರೂಢಿಯಾಗಿಬಿಟ್ಟಿದೆ. ಆದರೆ ಆ ಎರಡು ಸಾಲಿನ ನಡುವಿನ ಅರ್ಧ ಗಂಟೆಯಲ್ಲಿ ಏನು ಮಾಡಬೇಕು ಎಂಬುದನ್ನು ಕ್ರೀಡಾ ಶರೀರಶಾಸ್ತ್ರಜ್ಞರು ಬಹಳ ಖಚಿತವಾಗಿ ಕಂಡುಕೊಂಡಿದ್ದಾರೆ. ಅದು ನಮ್ಮ ಮೈದಾನಗಳಿಗೆ ಇನ್ನೂ ತಲುಪಿಲ್ಲ. ತಲುಪಿಸಬೇಕೆಂದೇ ಈ ಪತ್ರ. ತುಸು ಉದ್ದವಾಗಿದೆ, ಮನ್ನಿಸಬೇಕು. ಲೆಕ್ಕ, ಅಳತೆ ಬಿಟ್ಟು ಹೇಳಿದರೆ ಯಾರಿಗೂ ಉಪಯೋಗವಿಲ್ಲ.

ಅಮೆರಿಕದ ಕನೆಕ್ಟಿಕಟ್ ವಿಶ್ವವಿದ್ಯಾಲಯದಲ್ಲಿ ಡಗ್ಲಸ್ ಕಾಸಾ ಎಂಬ ಸಂಶೋಧಕರಿದ್ದಾರೆ. 1985ರಲ್ಲಿ, ತಮ್ಮ 16ನೇ ವಯಸ್ಸಿನಲ್ಲಿ, 10,000 ಮೀಟರ್ ಓಟದ ಕೊನೆಯ ಸುತ್ತಿನಲ್ಲಿ ಉಷ್ಣಾಘಾತದಿಂದ (ಮೈಯೊಳಗಿನ ಬಿಸಿ ಮಿತಿಮೀರಿ ಮಿದುಳಿನ ಕೆಲಸ ಕೆಡುವ ‘ಹೀಟ್ ಸ್ಟ್ರೋಕ್’) ಕುಸಿದು, ಗಂಟೆಗಟ್ಟಲೆ ಪ್ರಜ್ಞೆಯಿಲ್ಲದೆ ಇದ್ದು ಬದುಕಿ ಬಂದವರು. ಮುಂದೆ ಅದನ್ನೇ ಅಧ್ಯಯನದ ವಿಷಯ ಮಾಡಿಕೊಂಡರು. 2001ರ ಆಗಸ್ಟ್ 1ರಂದು ಅಮೆರಿಕನ್ ಫುಟ್‌ಬಾಲ್‌ನ ಪ್ರಸಿದ್ಧ ಆಟಗಾರ ಕೋರಿ ಸ್ಟ್ರಿಂಗರ್ ತರಬೇತಿ ಶಿಬಿರದಲ್ಲಿ ಉಷ್ಣಾಘಾತಕ್ಕೆ ತುತ್ತಾಗಿ ತೀರಿಕೊಂಡರು. 2010ರಲ್ಲಿ ಅವರ ಹೆಸರಿನಲ್ಲಿ ಅದೇ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಸಂಸ್ಥೆಯನ್ನು ಕಾಸಾ ನಡೆಸುತ್ತಿದ್ದಾರೆ. ಅವರ ಮತ್ತು ಅವರ ಜೊತೆಗಾರರ ಹತ್ತಾರು ಪ್ರಬಂಧಗಳ ಸಾರವನ್ನು ಒಂದೇ ಮಾತಿನಲ್ಲಿ ಹೇಳಬಹುದು: ಉಷ್ಣಾಘಾತವಾದ ಕ್ರೀಡಾಪಟುವನ್ನು ಮೊದಲು ಮೈದಾನದಲ್ಲೇ ತಣ್ಣೀರಿನಲ್ಲಿ ಮುಳುಗಿಸಿ ತಂಪು ಮಾಡಿ, ಆಮೇಲೆ ಆಸ್ಪತ್ರೆಗೆ ಸಾಗಿಸಿ.

ನಾವು ಮಾಡುತ್ತಿರುವುದು ಇದರ ತಿರುವುಮುರುವು. ಹುಡುಗ ಬಿದ್ದ ಕೂಡಲೇ ನಾಲ್ಕು ಜನ ಎತ್ತಿ ಜೀಪಿಗೋ ರಿಕ್ಷಾಕ್ಕೋ ಹಾಕುತ್ತೇವೆ, ಮುಖಕ್ಕೆ ನೀರು ಚಿಮುಕಿಸುತ್ತೇವೆ, ಓಡುತ್ತೇವೆ. ಪೈವಳಿಕೆಯಿಂದಲೋ ಮುಳ್ಳೇರಿಯಾದಿಂದಲೋ ಹೊರಟು ಹತ್ತಿರದ ಆಸ್ಪತ್ರೆ ಮುಟ್ಟಿ, ಅಲ್ಲಿಂದ ‘ಮಂಗಳೂರಿಗೆ ಕೊಂಡುಹೋಗಿ’ ಎಂದರೆ ಮತ್ತೆ ಹೆದ್ದಾರಿ ಹಿಡಿದು ಸಾಗಬೇಕು. ಕಾಸರಗೋಡು ಪೇಟೆಯಿಂದಲೇ ಮಂಗಳೂರಿಗೆ 50 ಕಿ.ಮೀ. ಈ ಹೊತ್ತಿನುದ್ದಕ್ಕೂ ಹುಡುಗನ ದೇಹದೊಳಗಿನ ಬಿಸಿ ಇಳಿದಿರುವುದಿಲ್ಲ. ನಮ್ಮಂಥ, ದೊಡ್ಡ ಆಸ್ಪತ್ರೆ ದೂರವಿರುವ ಗಡಿನಾಡಿಗೆ ಕಾಸಾ ಅವರ ಮಾತು ಅಮೆರಿಕಕ್ಕಿಂತ ಹೆಚ್ಚು ಸಲ್ಲುತ್ತದೆ.

ಮೊದಲು ಹೆಸರಿನಿಂದಲೇ ಹುಟ್ಟುವ ಒಂದು ತಪ್ಪು ತಿಳಿವಳಿಕೆ. ನಮ್ಮ ಜಿಲ್ಲೆಯಲ್ಲಿ ಮಲಯಾಳದ ಬಳಕೆಯಿಂದ ‘ಸೂರ್ಯಾಘಾತ’ ಎಂಬ ಮಾತು ಓಡಾಡುತ್ತದೆ. ಕೇಳಿದವರಿಗೆ ಇದು ಸೂರ್ಯ ಕೊಡುವ ಪೆಟ್ಟು, ನೆರಳಿದ್ದರೆ ಸಾಕು ಅನಿಸುತ್ತದೆ. ಓಡುವವನಿಗೆ ಆಗುವ ಉಷ್ಣಾಘಾತದಲ್ಲಿ ಬಿಸಿಯ ದೊಡ್ಡ ಪಾಲು ಬರುವುದು ಸೂರ್ಯನಿಂದಲ್ಲ, ಅವನದೇ ಸ್ನಾಯುಗಳಿಂದ. ಸ್ನಾಯು ಖರ್ಚು ಮಾಡುವ ಶಕ್ತಿಯಲ್ಲಿ ಐದನೇ ಒಂದು ಭಾಗದಷ್ಟು ಮಾತ್ರ ಚಲನೆಗೆ ಸಲ್ಲುತ್ತದೆ, ಉಳಿದದ್ದೆಲ್ಲ ಶಾಖ. 50 ಕಿಲೋ ತೂಕದ ಹುಡುಗ ಗಂಟೆಗೆ 12 ಕಿ.ಮೀ. ವೇಗದಲ್ಲಿ ಓಡಿದರೆ ನಿಮಿಷಕ್ಕೆ ಸುಮಾರು 10 ಕಿಲೋಕ್ಯಾಲರಿ ಉರಿಯುತ್ತದೆ, ಅದರಲ್ಲಿ 8 ಶಾಖವಾಗುತ್ತದೆ. ಆ ದೇಹವನ್ನು ಒಂದು ಡಿಗ್ರಿ ಏರಿಸಲು ಬೇಕಾದದ್ದು ಸುಮಾರು 41 ಕಿಲೋಕ್ಯಾಲರಿ. ಬೆವರು ಆರದೆ ಹೋದರೆ ಐದಾರು ನಿಮಿಷಕ್ಕೆ ಒಂದು ಡಿಗ್ರಿ ಏರುತ್ತದೆ ಎಂದಾಯಿತು. ಹಾಗಾಗಿ ಮೋಡ ಕವಿದ ದಿನವೂ, ರಾತ್ರಿ ಫ್ಲಡ್‌ಲೈಟಿನಡಿ ನಡೆಯುವ ಕಬಡ್ಡಿಯಲ್ಲೂ ಉಷ್ಣಾಘಾತ ಆಗಬಹುದು. ತುಲಾವರ್ಷದ, ಅಂದರೆ ಹಿಂಗಾರಿನ, ಮೋಡ ಕಟ್ಟಿ, ಗಾಳಿ ಅಲುಗದೆ ನಿಂತು, ಕೂತಲ್ಲೇ ಬೆವರಿಳಿಯುವ ಸಂಜೆಗಳಲ್ಲಿ ಅಪಾಯ ಕಡಿಮೆಯಲ್ಲ.

ಬೆವರು ಸುರಿಯುವುದರಿಂದ ಮೈ ತಣಿಯುವುದಿಲ್ಲ, ಆರುವುದರಿಂದ ತಣಿಯುತ್ತದೆ. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 580 ಕಿಲೋಕ್ಯಾಲರಿ ಶಾಖ ಹೊತ್ತೊಯ್ಯುತ್ತದೆ. ಗಲ್ಲದಿಂದ ತೊಟ್ಟಿಕ್ಕಿ ನೆಲಕ್ಕೆ ಬಿದ್ದದ್ದು ಏನನ್ನೂ ಒಯ್ಯುವುದಿಲ್ಲ, ನೀರು ಮತ್ತು ಉಪ್ಪು ಕಳೆದದ್ದೇ ಬಂತು. ಕರಾವಳಿಯ ಗಾಳಿಯಲ್ಲಿ ತೇವ ತುಂಬಿರುವುದರಿಂದ ನಮ್ಮಲ್ಲಿ ತೊಟ್ಟಿಕ್ಕುವುದೇ ಹೆಚ್ಚು. ‘ಇಲ್ಲಿ 32 ಡಿಗ್ರಿ ಅಷ್ಟೆ, ಬಳ್ಳಾರಿ ಕಡೆ 38 ಇದೆ, ಅವರೇ ಓಡುವುದಿಲ್ಲವೇ’ ಎಂಬ ವಾದ ಆಗಾಗ ಕೇಳಿಬರುತ್ತದೆ. ಸೇನಾ ತರಬೇತಿಗಾಗಿ 1950ರ ದಶಕದಲ್ಲಿ ರೂಪಿಸಿದ, ಇಂದಿಗೂ ಕ್ರೀಡೆಯಲ್ಲಿ ಬಳಸುವ ಒಂದು ಸೂಚ್ಯಂಕವಿದೆ. ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರಿನ ಅಂಕಿಗೆ 0.7, ಬಿಸಿಲಿನಲ್ಲಿಟ್ಟ ಕಪ್ಪು ಗೋಳದೊಳಗಿನ ಥರ್ಮಾಮೀಟರಿಗೆ 0.2, ನೆರಳಿನ ಸಾಮಾನ್ಯ ಥರ್ಮಾಮೀಟರಿಗೆ 0.1 ಎಂದು ತೂಕ ಕೊಟ್ಟು ಕೂಡಿಸುವುದು. ಉದಾಹರಣೆಗೆ ನಮ್ಮಲ್ಲಿ ಒದ್ದೆ ಬಲ್ಬ್ 28, ಗೋಳ 45, ಗಾಳಿ 32 ಇದ್ದರೆ 19.6, 9, 3.2 ಸೇರಿ 31.8 ಆಗುತ್ತದೆ. ಒಣ ಬಯಲುಸೀಮೆಯಲ್ಲಿ ಒದ್ದೆ ಬಲ್ಬ್ 23, ಗೋಳ 52, ಗಾಳಿ 38 ಇದ್ದರೆ 16.1, 10.4, 3.8 ಸೇರಿ 30.3. ಕಡಿಮೆ ಬಿಸಿಲಿನ ನಮ್ಮ ಊರೇ ಓಡುವವನಿಗೆ ಹೆಚ್ಚು ಕಷ್ಟದ್ದು. ಅಮೆರಿಕದ ಕ್ರೀಡಾ ವೈದ್ಯಕೀಯ ಕಾಲೇಜಿನ 2007ರ ಸೂಚನೆಯಂತೆ ಈ ಅಂಕಿ 30 ದಾಟಿದರೆ ಜೋರಿನ ವ್ಯಾಯಾಮಕ್ಕೆ ಮಿತಿ ಹಾಕಬೇಕು, 32.3 ದಾಟಿದರೆ ನಿಲ್ಲಿಸಬೇಕು.

ಇದಕ್ಕೆಂದೇ ಉಪಕರಣ ಸಿಗುತ್ತದೆ. ಅದಿಲ್ಲದಿದ್ದರೆ ಶಾಲೆಯ ಪ್ರಯೋಗಾಲಯದಲ್ಲಿರುವ ಒಣ-ಒದ್ದೆ ಬಲ್ಬ್ ಥರ್ಮಾಮೀಟರನ್ನು ಮೈದಾನಕ್ಕೆ ತನ್ನಿ. ಬತ್ತಿ ಶುದ್ಧವಾಗಿರಲಿ, ನೀರಿನಲ್ಲಿ ಅದ್ದಿರಲಿ, ಓಟಗಾರರು ಓಡುವ ಜಾಗದಲ್ಲೇ ಎದೆಮಟ್ಟದಲ್ಲಿ ತೂಗುಹಾಕಿ. ಒದ್ದೆ ಬಲ್ಬ್ 27 ದಾಟಿ ಬಿಸಿಲೂ ಚುರುಗುಟ್ಟುತ್ತಿದ್ದರೆ 3000 ಮೀಟರ್ ಓಟವನ್ನೂ ನಡಿಗೆ ಸ್ಪರ್ಧೆಯನ್ನೂ ಆ ಹೊತ್ತಿಗೆ ಇಡಬಾರದು ಎಂಬುದು ನಮ್ಮ ಅಭಿಪ್ರಾಯ. ಇನ್ನೊಂದು ಮಾತು: ನಮ್ಮ ಎಷ್ಟೋ ಮೈದಾನಗಳು ಪದವಿನ, ಅಂದರೆ ಎತ್ತರದ ಬಯಲಿನ, ಮೇಲಿವೆ. ಹುಲ್ಲಿಲ್ಲದ ಮುರಕಲ್ಲಿನ ನೆಲ ಬೆಳಗ್ಗೆ ಹತ್ತಕ್ಕೇ ಕಾದು, ಸಂಜೆ ನಾಲ್ಕಾದರೂ ಕೆಳಗಿನಿಂದ ಬಿಸಿ ಉಗುಳುತ್ತಿರುತ್ತದೆ. ಪೇಟೆಯ ಹವಾಮಾನ ವರದಿಯ ಅಂಕಿ ಆ ನೆಲಕ್ಕೆ ಹೊಂದುವುದಿಲ್ಲ.

ಈಗ ಗುರುತಿಸುವ ಬಗ್ಗೆ. ಉಷ್ಣಾಘಾತಕ್ಕೆ ಎರಡು ಲಕ್ಷಣ ಕೂಡಿರಬೇಕು: ದೇಹದ ಒಳಗಿನ ತಾಪ 40.5 ಡಿಗ್ರಿ ಸೆಲ್ಸಿಯಸ್ ಮೀರಿರುವುದು, ಮಿದುಳಿನ ಕೆಲಸ ಏರುಪೇರಾಗಿರುವುದು. ಎರಡನೆಯದನ್ನು ಯಾರೂ ಗುರುತಿಸಬಹುದು. ಹುಡುಗಿ ಹಳಿ ತಪ್ಪಿ ಓಡುತ್ತಾಳೆ, ಕುಡಿದವರ ಹಾಗೆ ತೂರಾಡುತ್ತಾಳೆ, ಹೆಸರು ಕೇಳಿದರೆ ಬೇರೇನೋ ಹೇಳುತ್ತಾಳೆ, ಸಿಟ್ಟಾಗುತ್ತಾಳೆ, ಕೈ ಬೀಸುತ್ತಾಳೆ, ಇಲ್ಲವೇ ಒಮ್ಮೆಲೇ ಕುಸಿಯುತ್ತಾಳೆ. ‘ಹಟ ಮಾಡುತ್ತಾಳೆ’ ಎಂದು ಗದರಿಸುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಇನ್ನು ಕೆಲವರು ಬಿದ್ದು, ಎರಡು ನಿಮಿಷ ಚೆನ್ನಾಗಿಯೇ ಮಾತಾಡಿ, ಮತ್ತೆ ಪ್ರಜ್ಞೆ ಕಳೆದುಕೊಳ್ಳುತ್ತಾರೆ. ನಡುವಿನ ಆ ಸ್ಪಷ್ಟತೆ ನೋಡಿ ‘ಸರಿಯಾಯಿತು’ ಎಂದು ಬಿಟ್ಟುಬಿಡುವುದು ದೊಡ್ಡ ಅಪಾಯ. ಚರ್ಮ ಒಣಗಿ ಬಿಸಿಯಾಗಿರುತ್ತದೆ ಎಂದು ಹಳೆಯ ಪ್ರಥಮ ಚಿಕಿತ್ಸೆಯ ಪುಸ್ತಕಗಳಲ್ಲಿದೆ. ಅದು ಬೇಸಗೆಯಲ್ಲಿ ಮನೆಯೊಳಗೆ ಬಳಲುವ ವೃದ್ಧರಿಗೆ ಸರಿ. ಓಡಿ ಬಿದ್ದವರ ಮೈ ಸಾಮಾನ್ಯವಾಗಿ ಬೆವರಿನಿಂದ ತೊಯ್ದೇ ಇರುತ್ತದೆ. ‘ಬೆವರುತ್ತಿದ್ದಾನಲ್ಲ, ಉಷ್ಣಾಘಾತ ಅಲ್ಲ’ ಎಂದು ತೀರ್ಮಾನಿಸಿ ಕೈಕಟ್ಟಿ ಕೂರಬಾರದು.

ತಾಪ ಅಳೆಯುವ ವಿಷಯದಲ್ಲಿ ಕಾಸಾ ತಂಡ 2007ರಲ್ಲಿ ಪ್ರಕಟಿಸಿದ ಹೋಲಿಕೆ ಮುಖ್ಯವಾದದ್ದು. ಬಿಸಿಲಿನಲ್ಲಿ ವ್ಯಾಯಾಮ ಮಾಡಿದವರಲ್ಲಿ ಬಾಯಿ, ಕಂಕುಳು, ಕಿವಿ, ಹಣೆಯಲ್ಲಿ ಅಳೆದ ಅಂಕಿಗಳನ್ನು ಗುದದ್ವಾರದ ಅಂಕಿಯ ಜೊತೆ ಇಟ್ಟು ನೋಡಿದಾಗ ಅವು ನೆಚ್ಚುವಂಥವಲ್ಲ ಎಂದು ತೇಲಿತು. ಕೊರೋನಾ ಕಾಲದಲ್ಲಿ ಎಲ್ಲ ಶಾಲೆಗೂ ಬಂದ ಹಣೆಗೆ ಹಿಡಿಯುವ ಗನ್ ಇಲ್ಲಿ ಕೆಲಸಕ್ಕೆ ಬಾರದು. ಬೆವರಿದ ಹಣೆ 37 ತೋರಿಸುತ್ತಿರುವಾಗ ಒಳಗೆ 41 ಇರಬಹುದು. ಮೈದಾನದಲ್ಲಿ ಗುದದ್ವಾರದ ಥರ್ಮಾಮೀಟರು ಬಳಸುವುದು ತರಬೇತಾದ ವೈದ್ಯಕೀಯ ಸಿಬ್ಬಂದಿಯ ಕೆಲಸ. ಅವರಿಲ್ಲದ ಕಡೆ, ಜೋರಾಗಿ ಓಡುತ್ತಲೋ ಆಡುತ್ತಲೋ ಇದ್ದವನು ಕುಸಿದು ಬುದ್ಧಿ ಗೊಂದಲವಾಗಿದ್ದರೆ ಉಷ್ಣಾಘಾತವೆಂದೇ ಹಿಡಿದು ತಂಪು ಮಾಡಲು ತೊಡಗಬೇಕು. ಒಂದೇ ಒಂದು ಪರೀಕ್ಷೆ ಅದಕ್ಕೂ ಮೊದಲು: ಉಸಿರಾಟ ಇದೆಯೇ ನೋಡಿ. ಉಸಿರಿಲ್ಲದಿದ್ದರೆ ಅದು ಹೃದಯದ ಪ್ರಶ್ನೆ, ಎದೆ ಒತ್ತುವುದೇ ಮೊದಲ ಕೆಲಸ.

ತಂಪು ಮಾಡುವುದು ಹೇಗೆ? ವಿಧಾನಗಳಲ್ಲಿ ಅಜಗಜಾಂತರವಿದೆ. ನೆರಳಿನಲ್ಲಿ ಮಲಗಿಸಿ ಬೀಸಣಿಗೆ ಬೀಸಿದರೆ, ಕಂಕುಳು-ತೊಡೆಸಂದಿಗೆ ಐಸ್ ಪೊಟ್ಟಣ ಇಟ್ಟರೆ, ಒಳತಾಪ ಇಳಿಯುವುದು ನಿಮಿಷಕ್ಕೆ 0.03ರಿಂದ 0.05 ಡಿಗ್ರಿ ಆಸುಪಾಸು. ಐಸ್ ನೀರಿನಲ್ಲಿ ಅದ್ದಿದ ಟವೆಲುಗಳನ್ನು ಮೈತುಂಬ ಹೊದೆಸಿ ಬದಲಾಯಿಸುತ್ತಿದ್ದರೆ 0.11. ತಣ್ಣೀರಿನ ತೊಟ್ಟಿಯಲ್ಲಿ ಕುತ್ತಿಗೆವರೆಗೆ ಮುಳುಗಿಸಿ ನೀರು ಕಲಕುತ್ತಿದ್ದರೆ 0.2ಕ್ಕೂ ಹೆಚ್ಚು. 41.5 ಇದ್ದವನನ್ನು 39ರ ಹತ್ತಿರ ಇಳಿಸಲು ತೊಟ್ಟಿಯಲ್ಲಿ ಹನ್ನೆರಡು ಹದಿಮೂರು ನಿಮಿಷ ಸಾಕು. ಐಸ್ ಪೊಟ್ಟಣ ನೆಚ್ಚಿಕೊಂಡರೆ ಒಂದು ಗಂಟೆಯೂ ಸಾಲದೆ ಹೋಗಬಹುದು. ನಮಗಿರುವ ಅವಧಿ ಎಷ್ಟು? ಬಿದ್ದ 30 ನಿಮಿಷದೊಳಗೆ ತಾಪ 39ಕ್ಕೆ ಇಳಿಯಬೇಕು. ಅಷ್ಟಾದರೆ ಬಹುತೇಕ ಎಲ್ಲರೂ ಉಳಿಯುತ್ತಾರೆ. ತಡವಾದಷ್ಟೂ ಕರುಳಿನ ಗೋಡೆ ಸೋರಿ ವಿಷ ರಕ್ತಕ್ಕೆ ಸೇರುತ್ತದೆ, ಸ್ನಾಯು ಒಡೆದು ಮೂತ್ರಪಿಂಡ ಕಟ್ಟುತ್ತದೆ, ಪಿತ್ತಜನಕಾಂಗ ಸೋಲುತ್ತದೆ.

ಮ್ಯಾಸಚೂಸೆಟ್ಸ್‌ನ ಫಾಲ್ಮತ್ ಎಂಬ ಕಡಲೂರಿನಲ್ಲಿ ಪ್ರತಿ ಆಗಸ್ಟ್‌ನಲ್ಲಿ ಏಳು ಮೈಲಿಯ, ಅಂದರೆ ಸುಮಾರು 11.3 ಕಿ.ಮೀ. ಓಟ ನಡೆಯುತ್ತದೆ. ಕಡಲ ತೇವ, ಬೇಸಗೆಯ ಬಿಸಿ, ಉಸಿರು ಬಿಗಿಹಿಡಿದು ಓಡುವ ದೂರ, ಎಲ್ಲ ಸೇರಿ ಅಲ್ಲಿ ಉಷ್ಣಾಘಾತ ಸಾಮಾನ್ಯ. ಅಲ್ಲಿನ 18 ವರ್ಷಗಳ ದಾಖಲೆಯನ್ನು ಕಾಸಾ ಅವರ ತಂಡ 2015ರಲ್ಲಿ ಪ್ರಕಟಿಸಿತು. 274 ಮಂದಿಗೆ ಉಷ್ಣಾಘಾತ. ಅಳೆದಾಗ ಸರಾಸರಿ ತಾಪ 41.4 ಡಿಗ್ರಿ. ಗುರಿಗೆರೆಯ ಪಕ್ಕದ ಡೇರೆಯಲ್ಲೇ ತಣ್ಣೀರಿನ ತೊಟ್ಟಿಗಳಲ್ಲಿ ಮುಳುಗಿಸಿದರು, ನಿಮಿಷಕ್ಕೆ 0.22 ಡಿಗ್ರಿಯಂತೆ ಇಳಿಯಿತು. ಒಬ್ಬರೂ ಸಾಯಲಿಲ್ಲ. ಈ ಒಂದು ವಾಕ್ಯವನ್ನು ನಮ್ಮ ಕ್ರೀಡಾಕೂಟಗಳ ಸಂಘಟಕರು ಎರಡು ಸಲ ಓದಬೇಕೆಂದು ನಮ್ಮ ವಿನಂತಿ.

‘ಬಿಸಿ ಮೈಗೆ ತಣ್ಣೀರು ಹಾಕಿದರೆ ಆಘಾತವಾಗುತ್ತದೆ, ಶೀತ ಹಿಡಿದು ನ್ಯುಮೋನಿಯಾ ಆಗುತ್ತದೆ’ ಎಂಬ ಭಯ ಹಿರಿಯರಲ್ಲಿ ಗಟ್ಟಿಯಾಗಿದೆ. ವೈದ್ಯಲೋಕದಲ್ಲೂ ದಶಕಗಳ ಕಾಲ ಇದರ ವಿದ್ವತ್ ರೂಪ ಇತ್ತು: ತಣ್ಣೀರಿಗೆ ಚರ್ಮದ ರಕ್ತನಾಳಗಳು ಮುದುಡುತ್ತವೆ, ನಡುಕ ಹುಟ್ಟುತ್ತದೆ, ಹಾಗಾಗಿ ಒಳಗಿನ ಬಿಸಿ ಹೊರಗೆ ಬಾರದೆ ಏರುತ್ತದೆ ಎಂದು. ಕಾಸಾ 2007ರಲ್ಲಿ ಬರೆದ ವಿಮರ್ಶೆಯಲ್ಲಿ ಇದನ್ನು ಒಂದೊಂದಾಗಿ ಬಿಡಿಸಿದ್ದಾರೆ. ನಾಳ ಮುದುಡುವುದು ನಿಜ. ಆದರೆ ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಮಿಕ್ಕಿ ವೇಗವಾಗಿ ಶಾಖ ಸೆಳೆಯುತ್ತದೆ, ಆ ಸೆಳೆತದ ಮುಂದೆ ಮುದುಡುವಿಕೆ ನಿಲ್ಲುವುದಿಲ್ಲ. 41 ಡಿಗ್ರಿಯಲ್ಲಿರುವ ದೇಹ ನಡುಗುವುದೂ ಕಡಿಮೆ. ನಡುಕ ಜೋರಾಗುವುದು ಒಳಗಿನ ತಾಪ ಸಾಕಷ್ಟು ಇಳಿದ ಮೇಲೆಯೇ. ಕೆನಡಾದ ಸಂಶೋಧಕರು 2003ರಲ್ಲಿ ಬೇರೆಬೇರೆ ತಾಪದ ನೀರಿನಲ್ಲಿ ಮುಳುಗಿಸಿ ಅಳೆದಾಗ, 2 ಡಿಗ್ರಿ ನೀರಿನಲ್ಲಿ ನಿಮಿಷಕ್ಕೆ 0.35, 8ರಲ್ಲಿ 0.19, 14ರಲ್ಲಿ 0.15, 20ರಲ್ಲಿ 0.19 ಡಿಗ್ರಿ ಇಳಿಯಿತು. ಈ ಕೊನೆಯ ಅಂಕಿ ನಮಗೆ ಬಹಳ ಧೈರ್ಯ ಕೊಡುವಂಥದ್ದು. ಐಸ್ ಸಿಗದಿದ್ದರೂ ತಂಪು ನೀರಿನ ತೊಟ್ಟಿ ವ್ಯರ್ಥವಲ್ಲ.

ಇನ್ನು ನಮ್ಮ ಊರಿನ ಸಾಮಾನುಗಳಲ್ಲೇ ಇದನ್ನು ಹೊಂದಿಸುವ ಬಗೆ. ಅರ್ಧಕ್ಕೆ ಕತ್ತರಿಸಿದ ಸಿಂಟೆಕ್ಸ್ ಟ್ಯಾಂಕು, ದನಗಳಿಗೆ ನೀರಿಡುವ ದೊಡ್ಡ ಪ್ಲಾಸ್ಟಿಕ್ ತೊಟ್ಟಿ, ಮದುವೆ ಮನೆಗೆ ಬಾಡಿಗೆಗೆ ಕೊಡುವ ಅಗಲದ ಪಾತ್ರೆ, ಇವುಗಳಲ್ಲಿ 150 ಲೀಟರ್ ನೀರು ಹಿಡಿದು ಒಬ್ಬ ಕೂರುವಂತಿದ್ದರೆ ಆಯಿತು. ನಮ್ಮ ಬಾವಿ ನೀರನ್ನು 27 ಡಿಗ್ರಿ ಎಂದು ಹಿಡಿಯೋಣ. ಅದಕ್ಕೆ 20 ಕಿಲೋ ಐಸ್ ಒಡೆದು ಹಾಕಿ ಕಲಕಿದರೆ ಪೂರ್ತಿ ಕರಗುವ ಹೊತ್ತಿಗೆ 14 ಡಿಗ್ರಿಗೆ ಬರುತ್ತದೆ. ಶಿಫಾರಸಾದ ತಾಪ 15 ಡಿಗ್ರಿಯೊಳಗೆ, ಅಷ್ಟು ಸಾಕು. ಐಸ್ ಎಲ್ಲಿಂದ? ಕರಾವಳಿಯವರಿಗೆ ಇದು ಪ್ರಶ್ನೆಯೇ ಅಲ್ಲ. ಮೀನಿಗೆ ಹಾಕುವ ಐಸ್ ಹಿಂದಿನ ದಿನವೇ ಹೇಳಿಟ್ಟು, ಬೆಳಗ್ಗೆ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ತರಿಸಿ, ಮುಚ್ಚಳಕ್ಕೆ ಟೇಪು ಸುತ್ತಿ ನೆರಳಿನಲ್ಲಿಡಿ. ಕುಡಿಯುವ ಐಸಿನ ಜೊತೆ ಬೆರೆಸಬೇಡಿ, ಪೆಟ್ಟಿಗೆಯ ಮೇಲೆ ‘ಕುಡಿಯಲು ಅಲ್ಲ’ ಎಂದು ಬರೆಯಿರಿ. ಐಸನ್ನು ಮೊದಲೇ ತೊಟ್ಟಿಗೆ ಸುರಿದರೆ ಮಧ್ಯಾಹ್ನಕ್ಕೆ ಕರಗಿ ಹೋಗಿರುತ್ತದೆ. ನೀರು ಮೊದಲೇ ತುಂಬಿರಲಿ, ಐಸ್ ಪೆಟ್ಟಿಗೆ ಪಕ್ಕದಲ್ಲಿರಲಿ, ಒಡೆಯಲು ಒಂದು ಸುತ್ತಿಗೆಯೂ ಇರಲಿ.

ತೊಟ್ಟಿಯೇ ಇಲ್ಲದ ಕಡೆ ಟಾರ್ಪಾಲು ಇದೆಯಲ್ಲ. ಮಳೆಗಾಲದಲ್ಲಿ ಸೌದೆಗೆ ಹೊದೆಸಿದ, ಅಡಿಕೆ ಅಂಗಳದಲ್ಲಿ ಮಡಚಿಟ್ಟ ಅದೇ ನೀಲಿ ಟಾರ್ಪಾಲು. ಇದನ್ನು ಬಳಸುವ ವಿಧಾನವನ್ನೂ ಕಾಸಾ ಅವರ ಸಂಸ್ಥೆಯವರೂ ಬೇರೆ ತಂಡದವರೂ ಪರೀಕ್ಷಿಸಿ 2016, 2017ರಲ್ಲಿ ಪ್ರಕಟಿಸಿದ್ದಾರೆ, ನಿಮಿಷಕ್ಕೆ 0.15 ಡಿಗ್ರಿ ಆಸುಪಾಸು ಇಳಿಯುತ್ತದೆ. ಎಂಟಡಿಗೆ ಹತ್ತಡಿಯ ತೂತಿಲ್ಲದ ಟಾರ್ಪಾಲನ್ನು ನೆಲಕ್ಕೆ ಹಾಸಿ, ಬಿದ್ದವನನ್ನು ನಡುವೆ ಅಂಗಾತ ಮಲಗಿಸಿ. ಆರು ಜನ ಸುತ್ತ ನಿಂತು ಅಂಚುಗಳನ್ನು ಮೊಣಕಾಲೆತ್ತರಕ್ಕೆ ಎತ್ತಿ ಹಿಡಿದರೆ ದೋಣಿಯಂತಾಗುತ್ತದೆ. ತಲೆಯ ಕಡೆಯವರು ತುಸು ಎತ್ತರಕ್ಕೆ ಹಿಡಿಯಬೇಕು, ಮುಖ ನೀರಿನ ಮೇಲೇ ಇರಬೇಕು. 70 ಲೀಟರ್ ನೀರು, 15 ಕಿಲೋ ಐಸ್ ಸುರಿಯಿರಿ. ಈ ಅಳತೆಯಲ್ಲಿ ಐಸ್ ಪೂರ್ತಿ ಕರಗಿದರೆ ನೀರು 8 ಡಿಗ್ರಿಗೆ ಬರುತ್ತದೆ. ಆಮೇಲೆ ಎರಡೂ ಬದಿಯವರು ಮೊರದಲ್ಲಿ ಅಕ್ಕಿ ಕೇರುವಂತೆ ಸರದಿಯಲ್ಲಿ ಎತ್ತಿ ತಗ್ಗಿಸುತ್ತ ನೀರನ್ನು ಆಡಿಸುತ್ತಲೇ ಇರಬೇಕು. ಆಡಿಸದಿದ್ದರೆ ಮೈಗೆ ತಾಗಿದ ನೀರಿನ ತೆಳುಪದರ ಬಿಸಿಯಾಗಿ ಅಲ್ಲೇ ನಿಲ್ಲುತ್ತದೆ, ತಂಪಾಗುವ ವೇಗ ಕುಸಿಯುತ್ತದೆ. ಟಾರ್ಪಾಲಿನಲ್ಲಿ ಸಾಮಾನ್ಯವಾಗಿ ಕೆಡುವುದು ಇಲ್ಲೇ. ಹಿಡಿದವರು ದಣಿದು ಸುಮ್ಮನೆ ನಿಲ್ಲುತ್ತಾರೆ. ಬದಲಿಗೆ ಇನ್ನಾರು ಜನ ಸಿದ್ಧವಾಗಿರಲಿ.

ತೊಟ್ಟಿಯಲ್ಲಾದರೆ ಹಿಂದಿನಿಂದ ಒಂದು ಮಡಚಿದ ಬೈರಾಸನ್ನು (ಟವೆಲನ್ನು) ಎದೆಗೆ ಸುತ್ತಿ ಎರಡೂ ಕಂಕುಳಡಿಯಿಂದ ತಂದು ಒಬ್ಬರು ಬಲವಾಗಿ ಹಿಡಿದುಕೊಳ್ಳಬೇಕು. ಗೊಂದಲದಲ್ಲಿರುವವನು ಕೈಕಾಲು ಬಡಿಯುತ್ತಾನೆ, ಜಾರಿ ಮುಖ ಮುಳುಗಬಾರದು. ಶೂ, ಮೊಣಕಾಲು ಪಟ್ಟಿ ತೆಗೆಯಿರಿ, ಉಡುಪು ಬಿಚ್ಚಲು ಹೊತ್ತು ಕಳೆಯಬೇಡಿ. ಹುಡುಗಿಯರ ವಿಷಯದಲ್ಲಿ ಈ ಸಂಕೋಚದಿಂದಲೇ ಅಮೂಲ್ಯ ನಿಮಿಷಗಳು ಹೋಗುತ್ತವೆ, ತೊಟ್ಟ ಬಟ್ಟೆಯಲ್ಲೇ ಮುಳುಗಿಸಬಹುದು. ತಲೆಗೆ ಐಸ್ ನೀರಿನ ಟವೆಲು. ಪ್ರಜ್ಞೆ ಸರಿಯಿಲ್ಲದವನ ಬಾಯಿಗೆ ನೀರು, ಬೊಂಡ (ಎಳನೀರು), ಗ್ಲೂಕೋಸ್ ಯಾವುದನ್ನೂ ಹಾಕಬಾರದು, ಶ್ವಾಸಕೋಶಕ್ಕೆ ಹೋಗುತ್ತದೆ. ಪಾರಾಸಿಟಮಾಲ್ ಕೊಡಲೇಬಾರದು. ಜ್ವರದಲ್ಲಿ ಮಿದುಳೇ ತಾಪದ ಗುರಿಯನ್ನು ಮೇಲೆ ಇಟ್ಟಿರುತ್ತದೆ, ಮಾತ್ರೆ ಅದನ್ನು ಇಳಿಸುತ್ತದೆ. ಇಲ್ಲಿ ಮಿದುಳಿನ ಗುರಿ ಬದಲಾಗಿಲ್ಲ, ಶಾಖ ಹೊರಹೋಗುತ್ತಿಲ್ಲ ಅಷ್ಟೆ. ಮಾತ್ರೆಗೆ ಮಾಡಲು ಕೆಲಸವಿಲ್ಲ, ಬಳಲಿದ ಪಿತ್ತಜನಕಾಂಗಕ್ಕೆ ಹೊರೆ ಮಾತ್ರ.

ಯಾವಾಗ ಹೊರಗೆ ತೆಗೆಯಬೇಕು? ಥರ್ಮಾಮೀಟರು ಹಾಕಿದ್ದರೆ 38.9 ಆದಾಗ. ಇಲ್ಲವಾದರೆ ಗಡಿಯಾರ ನೋಡಿ, ತೊಟ್ಟಿಯಲ್ಲಿ 10ರಿಂದ 15 ನಿಮಿಷ. ಆಂಬುಲೆನ್ಸ್ ಐದೇ ನಿಮಿಷಕ್ಕೆ ಬಂದು ನಿಂತರೂ ಅವಧಿ ಮುಗಿಯುವವರೆಗೆ ಎತ್ತಬೇಡಿ. ಇದು ಎಲ್ಲಕ್ಕಿಂತ ಕಷ್ಟದ ಕೆಲಸ. ಪೋಷಕರು ಅಳುತ್ತಿರುತ್ತಾರೆ, ಗುಂಪು ‘ಬೇಗ ಕೊಂಡುಹೋಗಿ’ ಎಂದು ಕೂಗುತ್ತಿರುತ್ತದೆ. ಆದ್ದರಿಂದ ಈ ನಿರ್ಧಾರ ಯಾರದ್ದು ಎಂಬುದು ಕೂಟದ ಮೊದಲೇ ಬರವಣಿಗೆಯಲ್ಲಿ ಇರಬೇಕು, ಸ್ಥಳೀಯ ಆರೋಗ್ಯ ಕೇಂದ್ರದ ವೈದ್ಯರ ಜೊತೆ ಮಾತಾಡಿಕೊಂಡಿರಬೇಕು. ಕಾಸಾ ಮುಖ್ಯ ಲೇಖಕರಾಗಿದ್ದು ಅಮೆರಿಕದ ಅಥ್ಲೆಟಿಕ್ ಟ್ರೈನರ್‌ಗಳ ರಾಷ್ಟ್ರೀಯ ಸಂಘ 2015ರಲ್ಲಿ ಹೊರಡಿಸಿದ ನಿಲುವಿನಲ್ಲಿಯೂ ಇದೇ ಇದೆ.

ಕುಸಿದವರೆಲ್ಲರಿಗೂ ಉಷ್ಣಾಘಾತವೇ ಆಗಿರುವುದಿಲ್ಲ. ಮಾತು ಸ್ಪಷ್ಟವಾಗಿದ್ದು ಬರೀ ಸುಸ್ತು, ತಲೆಸುತ್ತು ಇದ್ದರೆ ನೆರಳಿನಲ್ಲಿ ಕಾಲು ಎತ್ತರಿಸಿ ಮಲಗಿಸಿ ಉಪ್ಪು ಹಾಕಿದ ಪಾನಕ ಕೊಟ್ಟರೆ ಚೇತರಿಸಿಕೊಳ್ಳುತ್ತಾರೆ. ಅತಿಯಾಗಿ ನೀರು ಕುಡಿದು ರಕ್ತದ ಸೋಡಿಯಂ ಇಳಿದವರೂ ಗೊಂದಲಕ್ಕೀಡಾಗುತ್ತಾರೆ. ಬಾಸ್ಟನ್ ಮ್ಯಾರಥಾನ್‌ನಲ್ಲಿ 2002ರಲ್ಲಿ ಓಡಿದ 488 ಜನರ ರಕ್ತ ಪರೀಕ್ಷಿಸಿದಾಗ 13 ಶೇಕಡಾ ಮಂದಿಯಲ್ಲಿ ಸೋಡಿಯಂ ಕಡಿಮೆಯಿತ್ತು. ‘ನೀರು ಕುಡಿಯಿರಿ, ಕುಡಿಯುತ್ತಲೇ ಇರಿ’ ಎಂಬ ಉಪದೇಶಕ್ಕೂ ಮಿತಿ ಬೇಕು.

ಎಷ್ಟು ಕುಡಿಯಬೇಕೆಂದು ತಿಳಿಯಲು ತೂಕದ ಯಂತ್ರ ಸಾಕು. ಅಭ್ಯಾಸಕ್ಕೆ ಮೊದಲು 52 ಕಿಲೋ, ಒಂದು ಗಂಟೆಯ ನಂತರ ಮೈ ಒರೆಸಿ ನಿಂತಾಗ 51.2, ನಡುವೆ ಕುಡಿದದ್ದು 400 ಮಿಲಿಲೀಟರ್, ಮೂತ್ರಕ್ಕೆ ಹೋಗಿಲ್ಲ. ಹಾಗಿದ್ದರೆ ಬೆವರು 1.2 ಲೀಟರ್. ತೂಕದ 2 ಶೇಕಡಾ, ಇಲ್ಲಿ ಸುಮಾರು ಒಂದು ಕಿಲೋ, ಅದಕ್ಕಿಂತ ಹೆಚ್ಚು ಇಳಿಯದಂತೆ ನೋಡಿಕೊಳ್ಳಬೇಕು, ಅಷ್ಟೆ. ಆಡಿ ಮುಗಿಸಿದಾಗ ತೂಕ ಏರಿದ್ದರೆ ಅತಿಯಾಗಿ ಕುಡಿದಿದ್ದಾನೆ ಎಂದರ್ಥ. ಕಾಸಾ ತಂಡ 2010ರಲ್ಲಿ ಬಿಸಿಯಲ್ಲಿ ಕಾಡುದಾರಿಯ ಓಟಗಾರರನ್ನು ಅಳೆದಾಗ, ತೂಕದ ಪ್ರತಿ 1 ಶೇಕಡಾ ಹೆಚ್ಚುವರಿ ನಷ್ಟಕ್ಕೆ ಒಳತಾಪ 0.2 ಡಿಗ್ರಿ ಆಸುಪಾಸು ಏರಿತು, ಹೃದಯ ಬಡಿತವೂ ನಿಮಿಷಕ್ಕೆ ಆರರಷ್ಟು ಹೆಚ್ಚಿತು. ಓಟದ ಸಮಯ ಕೆಡುವುದು ಹೀಗೆಯೇ. ಬೊಂಡ ಒಳ್ಳೆಯದು, ಆದರೆ ಅದರಲ್ಲಿ ಪೊಟ್ಯಾಸಿಯಂ ಹೇರಳ, ಬೆವರಿನಲ್ಲಿ ಹೋಗುವ ಸೋಡಿಯಂ ಕಡಿಮೆ. ಉಪ್ಪು ಹಾಕಿದ ಗಂಜಿ ತೆಳಿ, ನೀರುಮಜ್ಜಿಗೆ, ಚಿಟಿಕೆ ಉಪ್ಪಿನ ಪುನರ್ಪುಳಿ ಶರಬತ್ತು ಇದಕ್ಕಿಂತ ಹೊಂದುತ್ತವೆ. ಲೀಟರ್ ನೀರಿಗೆ ಅರ್ಧ ಚಮಚ ಉಪ್ಪು, ಆರು ಚಮಚ ಸಕ್ಕರೆಯ ಪಾನಕವನ್ನು ಎಲ್ಲ ಶಾಲೆಯ ಅಡುಗೆಮನೆಯಲ್ಲೂ ಮಾಡಬಹುದು. ಕಬಡ್ಡಿಯ ಐದು ನಿಮಿಷದ ವಿರಾಮದಲ್ಲಿ ಕುತ್ತಿಗೆ, ಮುಂಗೈಗಳಿಗೆ ಐಸ್ ನೀರಿನ ಟವೆಲು ಸುತ್ತಿದರೆ ಎರಡನೇ ಅವಧಿಗೆ ಆಟಗಾರರು ಹಗುರಾಗಿ ಇಳಿಯುತ್ತಾರೆ.

ಮೈ ಬಿಸಿಗೆ ಒಗ್ಗುವುದು ಎಲ್ಲಕ್ಕಿಂತ ದೊಡ್ಡ ರಕ್ಷಣೆ. 2009ರಲ್ಲಿ ಕಾಸಾ ಮತ್ತಿತರರು ಪ್ರೌಢಶಾಲಾ ಕ್ರೀಡೆಗಾಗಿ 14 ದಿನಗಳ ಒಗ್ಗುವಿಕೆಯ ಕ್ರಮ ಪ್ರಕಟಿಸಿದರು. ಮೊದಲ ಐದು ದಿನ ದಿನಕ್ಕೆ ಒಂದೇ ಅಭ್ಯಾಸ ಎಂಬುದು ಅದರ ಮುಖ್ಯ ನಿಯಮಗಳಲ್ಲೊಂದು. ಮೂರರಿಂದ ಐದು ದಿನದಲ್ಲಿ ರಕ್ತದ ದ್ರವಾಂಶ ಹಿಗ್ಗಿ ಹೃದಯ ಬಡಿತ ಇಳಿಯುತ್ತದೆ. ಮುಂದಿನ ದಿನಗಳಲ್ಲಿ ಬೆವರು ಬೇಗ, ಹೆಚ್ಚು, ಕಡಿಮೆ ಉಪ್ಪಿನೊಂದಿಗೆ ಬರತೊಡಗುತ್ತದೆ. ನಮ್ಮ ಮಕ್ಕಳು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯಲ್ಲಿ ಕೂತು, ಮೈದಾನ ಒಣಗಿದ ವಾರದಲ್ಲೇ ಹೆಸರು ಕೊಟ್ಟು 3000 ಮೀಟರ್ ಓಡುತ್ತಾರೆ. ಕೂಟಕ್ಕೆ ಎರಡು ವಾರ ಮೊದಲಾದರೂ ಮೊದಲ ದಿನ 30 ನಿಮಿಷದ ನಿಧಾನದ ಓಟದಿಂದ ತೊಡಗಿ, ದಿನಕ್ಕೆ ಐದು ನಿಮಿಷದಂತೆ ಏರಿಸಿ, ವೇಗದ ಓಟವನ್ನು ಎರಡನೇ ವಾರಕ್ಕೆ ಬಿಟ್ಟರೆ ಸಾಕು. ಜ್ವರ, ಭೇದಿಯಿಂದ ಎದ್ದುಬಂದವರು, ಹಿಂದಿನ ರಾತ್ರಿ ನಿದ್ದೆಗೆಟ್ಟವರು ಆ ದಿನ ಓಡುವುದು ಬೇಡ.

ಸಂಘಟಕರಲ್ಲಿ ಒಂದು ಬೇಡಿಕೆ ಇದೆ. ಏಳು ಗಂಟೆಗೆಂದು ಮುದ್ರಿಸಿದ ಓಟ ಉದ್ಘಾಟಕರು ತಡವಾಗಿ ಬಂದು, ಭಾಷಣ ಮುಗಿದು, ಹನ್ನೊಂದಕ್ಕೆ ಆರಂಭವಾಗುತ್ತದೆ. ಅಷ್ಟು ಹೊತ್ತೂ ಪಥಸಂಚಲನದ ಸಾಲಿನಲ್ಲಿ ಮಕ್ಕಳು ಬಿಸಿಲಲ್ಲಿ ನಿಂತಿರುತ್ತಾರೆ, ಗಣ್ಯರು ಶಾಮಿಯಾನದಡಿ. ದೂರದ ಓಟಗಳು ಉದ್ಘಾಟನೆಗೆ ಮೊದಲೇ ನಡೆದುಹೋಗಲಿ, ಭಾಷಣ ಕಾಯಬಹುದು. ಕೇರಳದಲ್ಲಿ ಬೇಸಗೆಯಲ್ಲಿ ಕಾರ್ಮಿಕರಿಗೆ ಮಧ್ಯಾಹ್ನ 12ರಿಂದ 3ರವರೆಗೆ ಬಿಸಿಲಿನ ಕೆಲಸ ಬೇಡವೆಂದು ಕಾರ್ಮಿಕ ಇಲಾಖೆ ಆದೇಶಿಸುವ ಪದ್ಧತಿ ಇದೆ. ಮಕ್ಕಳಿಗೂ ಆ ಮೂರು ಗಂಟೆ ಸಲ್ಲಬೇಕು.

108ಕ್ಕೆ ಕರೆ ಮಾಡುವ ಹೊಣೆಯನ್ನು ಮಲಯಾಳ ಸಲೀಸಾಗಿ ಮಾತಾಡುವ ಒಬ್ಬರಿಗೆ ಮೊದಲೇ ಒಪ್ಪಿಸಿ. ಪದವಿನ ಮೈದಾನಕ್ಕೆ ಏರುವ ದಾರಿ ಎಲ್ಲಿ ತಿರುಗುತ್ತದೆ, ಗೇಟಿನ ಬೀಗದ ಕೈ ಯಾರಲ್ಲಿದೆ ಎಂಬುದು ಅವರಿಗೆ ಗೊತ್ತಿರಲಿ. ಇನ್ನೊಬ್ಬರು ಒಂದು ಚೀಟಿಯಲ್ಲಿ ಬಿದ್ದ ಹೊತ್ತು, ನೀರಿಗಿಳಿಸಿದ ಹೊತ್ತು, ಹೊರತೆಗೆದ ಹೊತ್ತು, ಆಗ ಮಾತು ಹೇಗಿತ್ತು ಎಂದು ಬರೆದು ಆಂಬುಲೆನ್ಸಿನವರ ಕೈಗೆ ಕೊಡಲಿ. ಮೈದಾನದಲ್ಲಿ ತಂಪಾಗಿ ಬಂದ ಹುಡುಗನ ತಾಪ ಆಸ್ಪತ್ರೆಯಲ್ಲಿ 38 ಕಾಣಿಸುತ್ತದೆ. ಆ ಚೀಟಿ ಇಲ್ಲದಿದ್ದರೆ ಅವನಿಗೆ ಉಷ್ಣಾಘಾತವಾಗಿತ್ತೆಂದು ವೈದ್ಯರಿಗೆ ತಿಳಿಯುವ ದಾರಿಯಿಲ್ಲ, ಮೂತ್ರಪಿಂಡ, ಪಿತ್ತಜನಕಾಂಗದ ರಕ್ತ ಪರೀಕ್ಷೆ ತಪ್ಪಿಹೋಗುತ್ತದೆ.

ಇತಿ,
ಕಾಸರಗೋಡು ಜಿಲ್ಲೆಯ ಕೆಲವು ದೈಹಿಕ ಶಿಕ್ಷಣ ಅಧ್ಯಾಪಕರು ಮತ್ತು ತರಬೇತುದಾರರು